ಪರಿಸರ ಆರೋಗ್ಯದಲ್ಲಿ ಸ್ನಾತಕೋತ್ತರ ಪದವಿ: ದಾವಣಗೆರೆ, ಚಿತ್ರದುರ್ಗ ಕಡೆಯವರು ಏನು ಓದಬೇಕು, ಮುಂದೆ ಕೆಲಸ ಎಲ್ಲಿ?

ಜಗಳೂರು ಹುಡುಗ
ದಾವಣಗೆರೆಯಲ್ಲಿ ಬಿ.ಎಸ್ಸಿ. ಕೊನೇ ವರ್ಷ, ರಸಾಯನಶಾಸ್ತ್ರ ಮತ್ತು ಸಸ್ಯಶಾಸ್ತ್ರ. ಪರಿಸರ ಆರೋಗ್ಯದ ಕಡೆ ಹೋಗಬೇಕು ಅಂತಿದೆ. ಎಂ.ಎಸ್ಸಿ. ಪರಿಸರ ವಿಜ್ಞಾನ ಸರಿಯೋ, ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಸರಿಯೋ? ನಮ್ಮ ಜಿಲ್ಲೆಗಳಲ್ಲೇ ಈ ಓದಿಗೆ ಕೆಲಸ ಇದೆಯೋ, ಬೆಂಗಳೂರೇ ಗತಿಯೋ? ಗೊತ್ತಿರೋರು ಬಿಡಿಸಿ ಹೇಳಿ.

ಸುಧಾ ಎಂಪಿಎಚ್
ಮೊದಲು ಎರಡರ ವ್ಯತ್ಯಾಸ ನೋಡಿ. ನೀರಿನಲ್ಲಿ, ಗಾಳಿಯಲ್ಲಿ ಏನಿದೆ ಅನ್ನೋದು ಪರಿಸರ ವಿಜ್ಞಾನದ ಪ್ರಶ್ನೆ. ಅದು ಯಾರ ಮೈಗೆ, ಎಷ್ಟು, ಎಷ್ಟು ಕಾಲ ಸೇರಿತು, ಅದರಿಂದ ಏನಾಯಿತು ಅನ್ನೋದು ಪರಿಸರ ಆರೋಗ್ಯದ ಪ್ರಶ್ನೆ. ಹಾಗಾಗಿ ಕೋರ್ಸಿನ ಹೆಸರು ಬಿಟ್ಟು ಪಠ್ಯಕ್ರಮ ತೆರೆದು ನಾಲ್ಕು ವಿಷಯ ಹುಡುಕಿ: ಒಡ್ಡಿಕೆಯ ಅಳತೆ (ಮೈಗೆ ಎಷ್ಟು ಸೇರಿತು ಅನ್ನೋದು), ವಿಷಶಾಸ್ತ್ರ, ಎಪಿಡೆಮಿಯಾಲಜಿ (ರೋಗ ಯಾರಲ್ಲಿ, ಎಷ್ಟು, ಏಕೆ ಅಂತ ನೋಡುವ ಶಾಸ್ತ್ರ), ಜೈವಿಕ ಸಂಖ್ಯಾಶಾಸ್ತ್ರ. ಎಂ.ಎಸ್ಸಿ. ಪರಿಸರ ವಿಜ್ಞಾನದಲ್ಲಿ ಸಾಮಾನ್ಯವಾಗಿ ಕೊನೆಯ ಎರಡು ತೆಳು. ಎಂಪಿಎಚ್‌ನಲ್ಲಿ ಮೊದಲನೆಯದೇ ತೆಳು. ಎಷ್ಟೋ ಕಡೆ ಇಡೀ ಎಂಪಿಎಚ್‌ಗೆ ಪರಿಸರ ಆರೋಗ್ಯ ಒಂದೇ ಒಂದು ಪತ್ರಿಕೆ, ಗಾಳಿಯ ಮಾದರಿ ಎಳೆಯುವ ಪಂಪು ಕೈಯಲ್ಲಿ ಹಿಡಿಯದೇ ಪದವಿ ಮುಗಿದುಹೋಗುತ್ತೆ.

ನಿಮಗೆ ಹತ್ತಿರದ್ದು ಶಂಕರಘಟ್ಟ, ಕುವೆಂಪು ವಿಶ್ವವಿದ್ಯಾಲಯದ ಪರಿಸರ ವಿಜ್ಞಾನ ವಿಭಾಗ. ಮೈಸೂರಿನ ಮಾನಸಗಂಗೋತ್ರಿಯಲ್ಲೂ ಇದೆ. ಎಂಪಿಎಚ್ ಬೇಕಾದರೆ ನಿಮ್ಹಾನ್ಸ್, ಮಣಿಪಾಲ, ಮೈಸೂರಿನ ಜೆಎಸ್‌ಎಸ್. ರಾಜ್ಯದ ಹೊರಗೆ ಕೋಲ್ಕತ್ತದ ಅಖಿಲ ಭಾರತ ನೈರ್ಮಲ್ಯ ಮತ್ತು ಸಾರ್ವಜನಿಕ ಆರೋಗ್ಯ ಸಂಸ್ಥೆ (1932ರದ್ದು), ಚೆನ್ನೈನ ಶ್ರೀ ರಾಮಚಂದ್ರದಲ್ಲಿ ಪರಿಸರ ಆರೋಗ್ಯ ಎಂಜಿನಿಯರಿಂಗ್‌ಗೇ ಪ್ರತ್ಯೇಕ ವಿಭಾಗ. ಬಿ.ಇ. ಮಾಡಿದವರಿಗೆ ಸುರತ್ಕಲ್ ಎನ್‌ಐಟಿಕೆಯ ಎಂ.ಟೆಕ್. ಇದೆ, ಆ ದಾರಿ ನಿಮಗಲ್ಲ.

ನಿಮ್ಮ ಊರಿನ ಲೆಕ್ಕದಲ್ಲೇ ಹೇಳೋದಾದರೆ: ಬೋರ್‌ವೆಲ್ ನೀರಲ್ಲಿ ಲೀಟರಿಗೆ 2.4 ಮಿ.ಗ್ರಾಂ ಫ್ಲೋರೈಡ್ ಇದೆ ಅಂದುಕೊಳ್ಳಿ. 60 ಕಿಲೋ ತೂಕದವರು ದಿನಕ್ಕೆ 3 ಲೀಟರ್ ಕುಡಿದರೆ 2.4 × 3 ÷ 60, ಅಂದರೆ ಕಿಲೋ ತೂಕಕ್ಕೆ 0.12 ಮಿ.ಗ್ರಾಂ. 15 ಕಿಲೋದ ಮಗು 1.2 ಲೀಟರ್ ಕುಡಿದರೆ 0.19. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹಲ್ಲಿನ ಫ್ಲೋರೋಸಿಸ್ (ಫ್ಲೋರೈಡ್ ಹೆಚ್ಚಾಗಿ ಹಲ್ಲಿಗೆ ಬರುವ ಕಲೆ) ಆಧಾರದ ಮೇಲೆ ಇಟ್ಟ ಮಿತಿ 0.06. ದೊಡ್ಡವರು ಅದರ ಎರಡು ಪಟ್ಟು, ಮಗು ಮೂರು ಪಟ್ಟಿಗೂ ಮೇಲೆ. ಅದೇ ನೀರು, ಆದರೆ ಅಪಾಯ ಬೇರೆ ಬೇರೆ. ಈ ಲೆಕ್ಕ ಕಲಿಸುವ ಕಡೆ ಹೋಗಿ. ‘ಮಿತಿಗಿಂತ ಹೆಚ್ಚಿದೆ’ ಅಂತ ಬರೆದು ನಿಲ್ಲಿಸುವ ಕಡೆ ಬೇಡ.

ದುರ್ಗದ ಬತೇರಿ
ಎಲ್ಲಾ ಸರಿ ಮೇಡಂ, ಆದ್ರೆ ಹುಡುಗಂಗೆ ನಿಜಾನೂ ಹೇಳ್ರಿ. ಜಿಲ್ಲೆಯಾಗ ಇರೋ ಹುದ್ದೆ ಎಂಥವು? ಫ್ಲೋರೋಸಿಸ್ ತಡೆ ರಾಷ್ಟ್ರೀಯ ಕಾರ್ಯಕ್ರಮ 2008-09ರಾಗ ಶುರುವಾತು, ಅದರಾಗೆ ಜಿಲ್ಲಾ ಸಲಹೆಗಾರ, ಲ್ಯಾಬ್ ಟೆಕ್ನಿಷಿಯನ್. ರೋಗ ಕಣ್ಗಾವಲು ಘಟಕದಾಗ ಜಿಲ್ಲಾ ಎಪಿಡೆಮಿಯಾಲಜಿಸ್ಟ್. ಎಲ್ಲಾ ಗುತ್ತಿಗೆ. ವರ್ಷಕ್ಕೊಂದ್ಸಲ ನವೀಕರಣದ ಫೈಲು ಎಲ್ಲೈತಿ ಅಂತ ಹುಡುಕ್ಕೋತ ಕೂರಬೇಕು. ಮಾಲಿನ್ಯ ನಿಯಂತ್ರಣ ಮಂಡಳಿ ಅಂತೀರಿ, ಅಲ್ಲಿ ಅಧಿಸೂಚನೆ ಬರೋದು ಅಪರೂಪ. ಬಂದ್ರೂ ಸಹಾಯಕ ಪರಿಸರ ಅಧಿಕಾರಿ ಹುದ್ದೆಗೆ ಎಂಜಿನಿಯರ್‌ಗಳ ಸಾಲೇ ಉದ್ದ. ಎಂ.ಎಸ್ಸಿ.ಯೋರು ವಿದ್ಯಾರ್ಹತೆ ಕಲಂ ಓದಿ ಅರ್ಜಿ ಹಾಕ್ಬೇಕು, ಹೆಸರು ನೋಡಿ ಅಲ್ಲ. ಕೆ-ಸೆಟ್, ನೆಟ್ ಅಂತ ಉಪನ್ಯಾಸಕರ ಅರ್ಹತಾ ಪರೀಕ್ಷೆ ಅದಾವಲ್ಲ, ಎರಡರಾಗೂ ಪರಿಸರ ವಿಜ್ಞಾನ ಐತಿ, ಬರೀಲಿ. ಆದ್ರೆ ಡಿಗ್ರಿ ಕಾಲೇಜಿನಾಗ ಪರಿಸರ ಅಧ್ಯಯನ ಪಾಠ ಮಾಡೋದು ಬಹುಪಾಲು ಅತಿಥಿ ಉಪನ್ಯಾಸಕರು, ಇಲ್ಲಾ ಬೇರೆ ವಿಷಯದೋರು. ಅದನ್ನೇ ನಂಬ್ಕಂಡು ಹೋಗಬ್ಯಾಡ ತಮ್ಮಾ.

ಸುಧಾ ಎಂಪಿಎಚ್
ಬತೇರಿಯವರು ಹೇಳಿದ್ದು ಸರಿ, ಗುತ್ತಿಗೆ ಅನ್ನೋದು ಮುಚ್ಚಿಡೋ ವಿಷಯ ಅಲ್ಲ. ನೆಟ್ ಬಗ್ಗೆ ಒಂದು ಸೇರಿಸುತ್ತೇನೆ: ಅದರಲ್ಲಿ ಜೆಆರ್‌ಎಫ್ (ಸಂಶೋಧನಾ ಫೆಲೋಶಿಪ್) ಬಂದರೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ಪಾಠದ ಕೆಲಸ ಸಿಗದಿದ್ದರೂ ಪಿಎಚ್‌ಡಿ ಮಾಡುವಾಗ ಮನೆಯಲ್ಲಿ ಕೈ ಚಾಚುವುದು ತಪ್ಪುತ್ತೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಗೆ ಬೆಂಗಳೂರಲ್ಲೇ ದಕ್ಷಿಣ ಕೇಂದ್ರ ಇದೆ. ಭೋಪಾಲದಲ್ಲಿ ಪರಿಸರ ಆರೋಗ್ಯಕ್ಕೇ ಮೀಸಲಾದ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಸಂಸ್ಥೆ ಇದೆ. ಪ್ರಾಜೆಕ್ಟ್ ಸಹಾಯಕರ ಹುದ್ದೆಗಳಿಗೆ ಈ ಎರಡರ ಜಾಲತಾಣ ತಿಂಗಳಿಗೊಮ್ಮೆ ತೆರೆದು ನೋಡಿ.

ನೀರಿನ ಲ್ಯಾಬ್
ಬತೇರಿ ಅಣ್ಣ ಒಂದು ಬಿಟ್ಟರು. ಜಲಜೀವನ್ ಮಿಷನ್ 2019ರಲ್ಲಿ ಬಂದ ಮೇಲೆ ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಗಳಿಗೆ ಎನ್‌ಎಬಿಎಲ್ ಮಾನ್ಯತೆ (ಲ್ಯಾಬಿನ ಗುಣಮಟ್ಟಕ್ಕೆ ಕೊಡುವಂಥದ್ದು) ಬೇಕಾಯಿತು. ಖಾಸಗಿ ಲ್ಯಾಬ್‌ಗಳಿಗೆ ಅದು ಮೊದಲಿಂದಲೂ ಅನ್ನ. ಇಲ್ಲಿ ಸಂದರ್ಶನದಲ್ಲಿ ಕೇಳೋದು ಓಝೋನ್ ರಂಧ್ರದ ಬಗ್ಗೆ ಅಲ್ಲ. ‘ಬ್ಲಾಂಕ್ ಏಕೆ, ಡೂಪ್ಲಿಕೇಟ್ ಏಕೆ, ಸ್ಪೈಕ್ ರಿಕವರಿ ಕಡಿಮೆ ಬಂದರೆ ಏನು ಮಾಡ್ತೀರಿ’ ಅಂತ ಕೇಳ್ತಾರೆ. ಬ್ಲಾಂಕ್ ಅಂದರೆ ಮಾದರಿ ಇಲ್ಲದ ಖಾಲಿ ಪರೀಕ್ಷೆ, ಡೂಪ್ಲಿಕೇಟ್ ಅಂದರೆ ಅದೇ ಮಾದರಿ ಎರಡನೇ ಸಲ, ಸ್ಪೈಕ್ ರಿಕವರಿ ಅಂದರೆ ಗೊತ್ತಿದ್ದಷ್ಟು ಸೇರಿಸಿ ಎಷ್ಟು ವಾಪಸ್ ಸಿಕ್ಕಿತು ಅಂತ ನೋಡೋದು.

ಫ್ಲೋರೈಡ್ ಒಂದನ್ನೇ ಸರಿಯಾಗಿ ಕಲಿತರೂ ನಮ್ಮ ಕಡೆ ಬೆಲೆ ಇದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಒಪ್ಪುವ ಮಿತಿ ಲೀಟರಿಗೆ 1 ಮಿ.ಗ್ರಾಂ, ಬೇರೆ ನೀರಿನ ಮೂಲ ಇಲ್ಲದಾಗ 1.5. ಅಳೆಯೋದು ಎರಡು ಬಗೆ.

ಫ್ಲೋರೈಡ್‌ಗೆ ತಕ್ಕಂತೆ ಮಿಲಿವೋಲ್ಟ್ ತೋರಿಸುವ ಎಲೆಕ್ಟ್ರೋಡ್: ಮಾದರಿ ಮತ್ತು ಟಿಸಾಬ್ ದ್ರಾವಣ (ಆಮ್ಲೀಯತೆ, ಅಯಾನು ಬಲ ಒಂದೇ ಮಟ್ಟದಲ್ಲಿಡುವಂಥದ್ದು) ಸಮಪಾಲು, ಎರಡೂ ಒಂದೇ ಉಷ್ಣಾಂಶದಲ್ಲಿ, ಪ್ಲಾಸ್ಟಿಕ್ ಬೀಕರ್‌ನಲ್ಲಿ, ನಿಧಾನವಾಗಿ ಕಲಕುತ್ತಾ. ಫ್ಲೋರೈಡ್ ಎಷ್ಟಿದೆ ಅಂತ ಗೊತ್ತಿರುವ ಮಾನಕ ದ್ರಾವಣಗಳನ್ನು ಕಡಿಮೆಯಿಂದ ಹೆಚ್ಚಿಗೆ ಹೋಗುತ್ತಾ ಓದಬೇಕು. ಫ್ಲೋರೈಡ್ ಹತ್ತು ಪಟ್ಟಾದರೆ ಮಿಲಿವೋಲ್ಟ್ 54ರಿಂದ 60ರಷ್ಟು ಇಳಿಯಬೇಕು. 50ಕ್ಕಿಂತ ಕಡಿಮೆ ಬಂದರೆ ಮಾನಕ ಹಳೇದು, ಇಲ್ಲವೇ ಎಲೆಕ್ಟ್ರೋಡ್ ತುದಿಯ ಹರಳಿನ ಮೇಲೆ ಕೊಳೆ ಕೂತಿದೆ. ಫ್ಲೋರೈಡ್ ಇರುವ ಟೂತ್‌ಪೇಸ್ಟ್‌ನಿಂದ ಮೆತ್ತಗೆ ತಿಕ್ಕಿ ತೊಳೆಯೋದು ತಮಾಷೆ ಅಲ್ಲ, ತಯಾರಕರೇ ಹೇಳುವ ಉಪಾಯ.

ಸ್ಪ್ಯಾಡ್ನ್ಸ್ (SPADNS) ಬಣ್ಣದ ವಿಧಾನ ಅಗ್ಗ, ಅದಕ್ಕೇ ಎಲ್ಲ ಕಡೆ ಇದೆ. ಆದರೆ 1.4ರವರೆಗೆ ಮಾತ್ರ ನಂಬಬಹುದು. ಅದಕ್ಕಿಂತ ಹೆಚ್ಚಿರುವ ಮಾದರಿಯನ್ನು ತೆಳು ಮಾಡದೆ ಓದಿ ‘1.5’ ಅಂತ ಬರೆದ ವರದಿ ಎಷ್ಟಿವೆಯೋ! ಕ್ಲೋರಿನ್ ಉಳಿದಿದ್ದರೆ ಮೊದಲು ಆರ್ಸೆನೈಟ್ ಹಾಕಿ ಕಳೆಯಬೇಕು. ಇನ್ನೊಂದು ಮೋಸ: ನಲ್ಗೊಂಡ ವಿಧಾನದಲ್ಲಿ ಆಲಂ (ಪಟಿಕ) ಹಾಕಿ ಶುದ್ಧ ಮಾಡಿದ ನೀರಿನಲ್ಲಿ ಅಲ್ಯೂಮಿನಿಯಂ ಉಳಿದಿರುತ್ತೆ, ಅದು ಫ್ಲೋರೈಡನ್ನು ಕಟ್ಟಿಹಾಕಿ ಓದಿಕೆಯನ್ನು ಕೆಳಗಿಳಿಸುತ್ತೆ. ಶುದ್ಧೀಕರಣ ಚೆನ್ನಾಗಿ ಆಗಿದೆ ಅಂತ ಕಾಣಿಸುತ್ತೆ, ಆಗಿರೋಲ್ಲ. ಅಂಥ ಮಾದರಿಗೆ ಭಟ್ಟಿ ಇಳಿಸಬೇಕು, ಇಲ್ಲಾ ಎಲೆಕ್ಟ್ರೋಡ್‌ಗೆ ಹೋಗಬೇಕು. ಮಾದರಿ ಬಾಟಲಿ ಗಾಜಿನದ್ದಂತೂ ಬೇಡವೇ ಬೇಡ.

ಆರ್‌ಒ ಘಟಕಗಳ ಕಡೆಗೂ ಸ್ವಲ್ಪ ನೋಡಿ. ಅರ್ಧ ನೀರು ಕುಡಿಯಲು, ಅರ್ಧ ಹೊರಕ್ಕೆ ಅಂದರೆ ಒಳಗೆ ಬಂದಾಗ 3 ಇದ್ದ ಫ್ಲೋರೈಡ್ ಹೊರಹೋಗುವ ನೀರಲ್ಲಿ ಹೆಚ್ಚುಕಡಿಮೆ 6. ಅದು ಘಟಕದ ಹಿಂದಿನ ಚರಂಡಿಗೆ, ಅಲ್ಲಿಂದ ದನದ ತೊಟ್ಟಿಗೆ. ಇದನ್ನು ಅಳೆದವರು ಕಡಿಮೆ.

ಜಗಳೂರು ಹುಡುಗ
ಸರ್, ಲ್ಯಾಬ್ ಕೆಲಸದಲ್ಲಿ ಬರೀ ರಸಾಯನಶಾಸ್ತ್ರವೇ? ಹಾಗಾದರೆ ಎಂ.ಎಸ್ಸಿ. ಕೆಮಿಸ್ಟ್ರಿಯೇ ಸಾಕಲ್ಲ?

ನೀರಿನ ಲ್ಯಾಬ್
ಅನಾಲಿಸ್ಟ್ ಆಗಿ ಸೇರೋಕೆ ಕೆಮಿಸ್ಟ್ರಿ ಸಾಕು, ಎಷ್ಟೋ ಕಡೆ ಅವರಿಗೇ ಮೊದಲ ಮಣೆ. ವ್ಯತ್ಯಾಸ ಕಾಣೋದು ಊರಲ್ಲಿ ವಾಂತಿಭೇದಿ ಶುರುವಾದಾಗ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಅಂಥ ಹೊತ್ತಲ್ಲಿ ಬರೀ ರಸಾಯನಶಾಸ್ತ್ರ ಓದಿದವರು ಬಾಟಲಿ ಬರಲಿ ಅಂತ ಕಾಯ್ತಾರೆ. ಪರಿಸರ ಆರೋಗ್ಯ ಓದಿದವರು ರೋಗಿಗಳ ಪಟ್ಟಿ ಮಾಡಿ, ಯಾರಿಗೆ ಯಾವ ಗಂಟೆಗೆ ಶುರುವಾಯ್ತು, ಯಾವ ನಲ್ಲಿ, ಯಾವ ಸಾಲು ಅಂತ ನಕ್ಷೆ ಮೇಲೆ ಗುರುತು ಹಾಕ್ತಾರೆ. ನೀರು ಬಿಟ್ಟು ಬಿಟ್ಟು ಬರುವ ಊರಲ್ಲಿ ಪೈಪು ಖಾಲಿಯಾದಾಗ ಒಳಗೆ ಸೆಳೆತ ಉಂಟಾಗುತ್ತೆ, ಚರಂಡಿಯಲ್ಲಿ ಮುಳುಗಿದ ಒಡಕು ಜಾಯಿಂಟ್‌ನಿಂದ ಕೊಳಚೆ ಒಳಗೆ ಬರುತ್ತೆ. ಆದ್ದರಿಂದ ಟ್ಯಾಂಕಿನ ನೀರು ಶುದ್ಧ, ಕೊನೆಯ ಮನೆಯ ನಲ್ಲಿ ಅಶುದ್ಧ. ಟ್ಯಾಂಕಿನ ಮಾದರಿ ಮಾತ್ರ ತಂದರೆ ತನಿಖೆ ಅಲ್ಲೇ ದಾರಿ ತಪ್ಪಿತು.

ಕೊನೆಯ ನಲ್ಲಿಯಲ್ಲಿ ಉಳಿಕೆ ಕ್ಲೋರಿನ್ ಲೀಟರಿಗೆ 0.2 ಮಿ.ಗ್ರಾಂ ಇದೆಯಾ ಅಂತ ಅಲ್ಲೇ ನೋಡಬೇಕು, ಲ್ಯಾಬಿಗೆ ತರುವಷ್ಟರಲ್ಲಿ ಅದು ಹಾರಿಹೋಗಿರುತ್ತೆ. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಗೆ ಥಯೋಸಲ್ಫೇಟ್ ಹಾಕಿ ಕ್ರಿಮಿಶುದ್ಧ ಮಾಡಿರಬೇಕು. ಇಲ್ಲದಿದ್ದರೆ ಕ್ಲೋರಿನ್ ದಾರಿಯುದ್ದಕ್ಕೂ ಕೊಲ್ಲುತ್ತಾ ಬರುತ್ತೆ, ವರದಿ ‘ಕುಡಿಯಲು ಯೋಗ್ಯ’. ಊರಿಗೆ ಹೋದ ತಕ್ಷಣ ಯಾರೋ ಬ್ಲೀಚಿಂಗ್ ಪೌಡರ್ ಸುರಿದಿರ್ತಾರೆ, ಅದಕ್ಕೂ ಮೊದಲೇ ಮಾದರಿ ಹಿಡೀರಿ.

ಧೂಳುಮಾಪಕ
ನೀರಿನವರೇ ಮಾತಾಡಿದ್ರಿ, ಕೆಲಸದ ಜಾಗದ ಕಡೆ ಬರೋಣ. ನನ್ನ ಮಟ್ಟಿಗೆ ಈ ಓದಿಗೆ ಖಾಸಗಿಯಲ್ಲಿ ಕಾಸು ಹುಟ್ಟೋದು ಇಲ್ಲೇ: ಔದ್ಯೋಗಿಕ ನೈರ್ಮಲ್ಯ, ಅಂದರೆ ಕೆಲಸದ ಜಾಗದ ಧೂಳು, ಶಬ್ದದಂಥವನ್ನು ಅಳೆದು ತಡೆಯೋದು. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗದ ಅದಿರು ಗಣಿಗಳು, ಎರಡೂ ಜಿಲ್ಲೆಯ ಜಲ್ಲಿ ಕ್ರಷರ್‌ಗಳು, ದಾವಣಗೆರೆ–ಹರಿಹರದ ಅಕ್ಕಿ ಗಿರಣಿಗಳು. ಅಳೆಯೋಕೆ ವಿಷಯಕ್ಕೇನೂ ಬರ ಇಲ್ಲ, ಅಳೆಯೋರಿಗೆ ಬರ.

ಕ್ರಷರ್‌ನ ಉದಾಹರಣೆ ತಗೊಳ್ಳಿ. ಅಲ್ಲಿ ಭಯ ಇರೋದು ಕಣ್ಣಿಗೆ ಕಾಣೋ ಧೂಳಿಂದಲ್ಲ, ಶ್ವಾಸಕೋಶದ ತಳಕ್ಕಿಳಿಯುವ ಸಣ್ಣ ಧೂಳಿನಲ್ಲಿರುವ ಸ್ಫಟಿಕ ಸಿಲಿಕದಿಂದ. ಕೆಲಸಗಾರನ ಸೊಂಟಕ್ಕೆ ಪಂಪು, ಕಾಲರಿಗೆ ದಪ್ಪ ಕಣ ಬೇರ್ಪಡಿಸುವ ಸೈಕ್ಲೋನ್, ಮೂಗಿನಿಂದ 30 ಸೆಂ.ಮೀ. ಒಳಗೆ. ಅದರಲ್ಲಿ 37 ಮಿ.ಮೀ. ಪಿವಿಸಿ ಫಿಲ್ಟರ್, ರಂಧ್ರ 5 ಮೈಕ್ರಾನ್. 10 ಮಿ.ಮೀ. ನೈಲಾನ್ ಸೈಕ್ಲೋನ್ ಆದರೆ ನಿಮಿಷಕ್ಕೆ 1.7 ಲೀಟರ್, ಅಲ್ಯೂಮಿನಿಯಂದಾದರೆ 2.5. ಈ ಹರಿವು ತಪ್ಪಿದರೆ ಸೈಕ್ಲೋನ್ ಬೇರೆಯೇ ಗಾತ್ರದ ಕಣ ಆರಿಸುತ್ತೆ, ಆಮೇಲೆ ಲೆಕ್ಕದಲ್ಲಿ ಸರಿಮಾಡೋಕೆ ಬರೋಲ್ಲ. ಶುರುವಿನಲ್ಲಿ ಮತ್ತು ಕೊನೆಯಲ್ಲಿ ಹರಿವು ಅಳೆದು, ಶೇ 5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಮಾದರಿಯನ್ನು ಪಕ್ಕಕ್ಕಿಡಿ.

8 ಗಂಟೆ ಓಡಿದರೆ 816 ಲೀಟರ್, ಅಂದರೆ 0.816 ಘನ ಮೀಟರ್. ಫಿಲ್ಟರ್ ತೂಕ 0.98 ಮಿ.ಗ್ರಾಂ ಏರಿದ್ದರೆ ಘನ ಮೀಟರಿಗೆ 1.2 ಮಿ.ಗ್ರಾಂ. ಇದು ಹೆಚ್ಚೋ ಕಡಿಮೆಯೋ? 1948ರ ಕಾರ್ಖಾನೆ ಕಾಯ್ದೆಯ ಎರಡನೇ ಅನುಸೂಚಿಯಲ್ಲಿದ್ದ ಸೂತ್ರ: 10 ಭಾಗಿಸು (ಸ್ಫಟಿಕ ಸಿಲಿಕದ, ಅಂದರೆ ಕ್ವಾರ್ಟ್ಸ್‌ನ ಶೇಕಡಾ ಪ್ರಮಾಣ + 2). ಧೂಳಿನಲ್ಲಿ ಶೇ 25 ಸ್ಫಟಿಕ ಇದ್ದರೆ ಮಿತಿ 10 ÷ 27, ಸುಮಾರು 0.37. ಅಂದರೆ ಮೂರು ಪಟ್ಟಿಗೂ ಹೆಚ್ಚು. ಸ್ಫಟಿಕದ ಪ್ರಮಾಣ ಗೊತ್ತಾಗಲು ಫಿಲ್ಟರನ್ನು ಎಕ್ಸ್‌ರೇ ವಿವರ್ತನೆಗೆ ಇಲ್ಲಾ ಇನ್‌ಫ್ರಾರೆಡ್‌ಗೆ ಕಳಿಸಬೇಕು. ಗಣಿಯೊಳಗಾದರೆ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ನಿಯಮ, ಸೂತ್ರ ಬೇರೆ.

ಕೆಡೋದು ಎಲ್ಲಿ? ಮಾದರಿ ಮುಗಿದ ಮೇಲೆ ಸೈಕ್ಲೋನನ್ನು ತಲೆಕೆಳಗು ಮಾಡೋದು ಮೊದಲನೇದು. ಕೆಳಗಿನ ಬಟ್ಟಲಲ್ಲಿ ಕೂತ ದಪ್ಪ ಕಣ ಫಿಲ್ಟರ್ ಮೇಲೆ ಬಿದ್ದರೆ ಇಡೀ ದಿನ ವ್ಯರ್ಥ. ಕೊರಳ ಟವೆಲ್ ಸೈಕ್ಲೋನ್ ಬಾಯಿ ಮುಚ್ಚೋದು, ಊಟಕ್ಕೆ ಹೋಗುವಾಗ ಪಂಪು ಬಿಚ್ಚಿ ಕ್ರಷರ್ ಪಕ್ಕವೇ ಇಡೋದು, ತೂಕದ ಕೋಣೆಯಲ್ಲಿ ಫಿಲ್ಟರ್ ಎರಡು ಗಂಟೆಯಾದರೂ ಹದಗೊಳ್ಳದೆ ತೂಗೋದು, ಬ್ಲಾಂಕ್ ಇಲ್ಲದಿರೋದು. ಇನ್ನೂ ದೊಡ್ಡ ಮೋಸ ಅಂದರೆ ಅಳೆಯೋಕೆ ಹೋದ ದಿನ ಮಾತ್ರ ನೀರಿನ ಸ್ಪ್ರಿಂಕ್ಲರ್ ಚಾಲೂ ಇರುತ್ತೆ. ಅದಕ್ಕೇ ಗಂಟೆಗೊಮ್ಮೆ ಏನು ನಡೆದಿತ್ತು, ನೀರು ಇತ್ತೋ ಇಲ್ಲವೋ ಅಂತ ಬರೆದಿಡಿ. ಅಂಕಿಗಿಂತ ಆ ಟಿಪ್ಪಣಿಯೇ ಕೆಲವೊಮ್ಮೆ ಹೆಚ್ಚು ಹೇಳುತ್ತೆ.

ಅಕ್ಕಿ ಗಿರಣಿಯಲ್ಲಿ ಧೂಳಿನ ಜೊತೆ ಶಬ್ದ: 90 ಡೆಸಿಬೆಲ್ ಆದರೆ 8 ಗಂಟೆ, 95ಕ್ಕೆ 4 ಗಂಟೆ. ಹೊಟ್ಟಿನ ಬೂದಿಯ ಸಿಲಿಕ ಬಹುಪಾಲು ಸ್ಫಟಿಕರೂಪದ್ದಲ್ಲ, ಆದರೆ ತೀರಾ ಜೋರು ಬೆಂಕಿಯಲ್ಲಿ ಸ್ಫಟಿಕವಾಗಿ ಮಾರ್ಪಡುತ್ತೆ. ಬಾಯ್ಲರ್ ಬೂದಿ ತೆಗೆಯೋರನ್ನ ಮರೀಬೇಡಿ.

ಕೆಲಸದ ಮಾತು. ಕಂಪನಿಗಳಲ್ಲಿ ಇಎಚ್‌ಎಸ್ (ಪರಿಸರ, ಆರೋಗ್ಯ, ಸುರಕ್ಷತೆ) ಅನ್ನೋ ವಿಭಾಗ ಇರುತ್ತೆ. ಸೇಫ್ಟಿ ಆಫೀಸರ್ ಅನ್ನೋದು ಕಾನೂನಿನ ಹುದ್ದೆ, ಅದಕ್ಕೆ ಮಾನ್ಯತೆ ಪಡೆದ ಕೈಗಾರಿಕಾ ಸುರಕ್ಷತಾ ಡಿಪ್ಲೊಮಾ ಕೇಳ್ತಾರೆ, ಬರೀ ಎಂ.ಎಸ್ಸಿ. ನಡೆಯೋಲ್ಲ. ಚೆನ್ನೈನ ಪ್ರಾದೇಶಿಕ ಕಾರ್ಮಿಕ ಸಂಸ್ಥೆಯದ್ದು ಹೆಸರುವಾಸಿ. ನೆಬೋಶ್ ಅನ್ನೋ ಬ್ರಿಟನ್ನಿನ ಸುರಕ್ಷತಾ ಪ್ರಮಾಣಪತ್ರ ಗಲ್ಫ್‌ಗೆ ಉಪಯೋಗ, ಇಲ್ಲಿನ ಡಿಪ್ಲೊಮಾಕ್ಕೆ ಬದಲಿ ಅಲ್ಲ. ಎಎಫ್‌ಐಎಚ್ ಅನ್ನೋ ಕೈಗಾರಿಕಾ ಆರೋಗ್ಯದ ಕೋರ್ಸಿನ ಜಾಹೀರಾತು ನೋಡಿ ಮರುಳಾಗಬೇಡಿ, ಅದು ಎಂಬಿಬಿಎಸ್ ವೈದ್ಯರಿಗೆ.

ದುರ್ಗದ ಬತೇರಿ
ಇದು ಕೆಲಸಕ್ಕೆ ಬರೋ ಮಾತು. ಆದ್ರೆ ಕ್ರಷರ್ ಮಾಲೀಕ ದುಡ್ಡು ಕೊಟ್ಟು ತನ್ನ ತಪ್ಪು ಯಾಕ್ ಅಳೆಸ್ತಾನ್ರೀ?

ಧೂಳುಮಾಪಕ
ತಾನಾಗಿ ಅಳೆಸೋಲ್ಲ. ಪರವಾನಗಿಯಲ್ಲಿ ಷರತ್ತಿದ್ದರೆ ಅಳೆಸ್ತಾನೆ, ರಫ್ತಿನ ಗಿರಾಕಿ ಕೇಳಿದರೆ ಅಳೆಸ್ತಾನೆ. ದೊಡ್ಡ ಗಣಿ, ಔಷಧ ಕಾರ್ಖಾನೆ, ಆಟೋ ಬಿಡಿಭಾಗದವರಲ್ಲಿ ಇದು ವಾರ್ಷಿಕ ಕೆಲಸ. ಸಣ್ಣ ಕ್ರಷರ್ ಮಾರುಕಟ್ಟೆ ಅಲ್ಲ, ಸಂಶೋಧನೆಯ ವಿಷಯ. ಎರಡನ್ನೂ ಬೆರೆಸಬೇಡಿ.

ಹೊಸದುರ್ಗ ಇಐಎ
ಷರತ್ತು ಅಂದ ಮೇಲೆ ಇಐಎ (ಯೋಜನೆಯಿಂದ ಪರಿಸರದ ಮೇಲಾಗುವ ಪರಿಣಾಮದ ಅಂದಾಜು) ಸಲಹಾ ಸಂಸ್ಥೆಗಳ ವಿಷಯ. 2006ರ ಸೆಪ್ಟೆಂಬರ್ 14ರ ಅಧಿಸೂಚನೆಯಿಂದ ಈ ಕಸುಬು ಬೆಳೆಯಿತು. ನಾಬೆಟ್ (ಸಲಹಾ ಸಂಸ್ಥೆಗಳಿಗೆ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಸಂಸ್ಥೆಗಳೇ ವರದಿ ಬರೆಯಬೇಕು, ಅದರಲ್ಲಿ ಗಾಳಿ, ನೀರು, ಶಬ್ದ, ಜೀವವೈವಿಧ್ಯ, ಅಪಾಯ ವಿಶ್ಲೇಷಣೆ ಹೀಗೆ ಕಾರ್ಯಕ್ಷೇತ್ರದ ತಜ್ಞರು. ಸಾರ್ವಜನಿಕ ಆರೋಗ್ಯ ಅಂತ ಪ್ರತ್ಯೇಕ ಕ್ಷೇತ್ರ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಗಾಳಿ ಅಥವಾ ನೀರಿನ ಮೂಲಕ ಒಳಗೆ ಬನ್ನಿ. ಗಾಳಿಯಾದರೆ ಹೊಗೆ, ಧೂಳು ಎತ್ತ ಎಷ್ಟು ಹರಡುತ್ತೆ ಅನ್ನುವ ಮಾಡೆಲಿಂಗ್ ಕಲಿತಿರಿ, ಅದು ಗೊತ್ತಿದ್ದವರು ಕೆಲಸಕ್ಕೆ ಕಾಯೋದು ಕಡಿಮೆ.

ವರದಿಗೆ ಬೇಕಾದ್ದು ಮಳೆಗಾಲ ಬಿಟ್ಟು ಒಂದು ಋತುವಿನ, ಅಂದರೆ ಮೂರು ತಿಂಗಳ ಮೂಲ ಮಾಹಿತಿ. ಗಾಳಿಯನ್ನು ವಾರಕ್ಕೆರಡು ದಿನ, 24 ಗಂಟೆ ಅಳೀಬೇಕು. ಆರೋಗ್ಯದ ಅಧ್ಯಾಯ ಮಾತ್ರ ಹೆಚ್ಚಿನ ವರದಿಗಳಲ್ಲಿ ಎರಡು ಪುಟ: ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಇಷ್ಟು ದೂರ, ಹಾಸಿಗೆ ಇಷ್ಟು. ಸಾರ್ವಜನಿಕ ವಿಚಾರಣೆಯಲ್ಲಿ ರೈತರು ಎದ್ದು ‘ನಮ್ಮ ಉಸಿರಾಟದ ಕಥೆ ಏನು’ ಅಂದಾಗ ವರದಿಯಲ್ಲಿ ಉತ್ತರ ಇರೋಲ್ಲ. ಆ ಅಧ್ಯಾಯ ಬರೆಯಬಲ್ಲವರಿಗೆ ಬೆಲೆ ಬಂದೇ ಬರುತ್ತೆ ಅಂತ ನನ್ನ ಅಂದಾಜು. ಇವತ್ತಿಗೆ ಬಂದಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ತುಮಕೂರು, ಚಿತ್ರದುರ್ಗದ ಗಣಿಗಾರಿಕೆ ನಿಲ್ಲಿಸಿತ್ತು, ಆಮೇಲೆ ಪುನಶ್ಚೇತನದ ಯೋಜನೆ ಬಂತು. ಗಣಿಬಾಧಿತ ಪ್ರದೇಶದ ಹಣದಲ್ಲೂ, ಜಿಲ್ಲಾ ಖನಿಜ ಪ್ರತಿಷ್ಠಾನದ ಹಣದಲ್ಲೂ ಕುಡಿಯುವ ನೀರು, ಆರೋಗ್ಯ, ಪರಿಸರಕ್ಕೆ ಜಾಗ ಇದೆ. ಅದರಲ್ಲಿ ಅಧ್ಯಯನದ ಟೆಂಡರ್‌ಗಳು ಬರುತ್ತವೆ, ಕಣ್ಣಿಡಿ.

ಸುಧಾ ಎಂಪಿಎಚ್
ದಾವಣಗೆರೆ ನಗರವನ್ನೂ ಬಿಡಬೇಡಿ. 2019ರ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದಲ್ಲಿ ಕರ್ನಾಟಕದಿಂದ ಬೆಂಗಳೂರು, ಹುಬ್ಬಳ್ಳಿ–ಧಾರವಾಡ, ಕಲಬುರಗಿ ಜೊತೆ ದಾವಣಗೆರೆಯೂ ಇದೆ. ಪಿಎಂ 10ರ (10 ಮೈಕ್ರಾನ್‌ವರೆಗಿನ ಧೂಳಿನ ಕಣ) ವಾರ್ಷಿಕ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ, ಇನ್ನೂ ಸಣ್ಣದಾದ ಪಿಎಂ 2.5ಕ್ಕೆ 40. ಆದರೆ ನಗರದ ಸರಾಸರಿ ಮಂಡಕ್ಕಿ ಭಟ್ಟಿಯ ಮುಂದೆ ಕೂತವರ ಉಸಿರಿನ ಲೆಕ್ಕ ಕೊಡೋಲ್ಲ. ಅಲ್ಲಿ ಅಗ್ಗದ ಸೆನ್ಸರ್ ಇಟ್ಟು ಅಳೆಯುವ ಆಸೆ ಎಲ್ಲರಿಗೂ. ಬೆಳಕಿನ ಚದುರುವಿಕೆಯಿಂದ ಓದುವ ಆ ಸೆನ್ಸರ್‌ಗಳು ತೇವಾಂಶ ಹೆಚ್ಚಾದಾಗ ಕಣವನ್ನು ಊದಿಸಿ ತೋರಿಸುತ್ತವೆ. ಅದಕ್ಕೇ ಮೊದಲು ಎರಡು ವಾರ ಫಿಲ್ಟರ್ ಯಂತ್ರದ ಪಕ್ಕ ಇಟ್ಟು ತಿದ್ದುಪಡಿ ಸಮೀಕರಣ ಮಾಡಿಕೊಂಡು, ಆಮೇಲೆ ಭಟ್ಟಿಗೆ ಒಯ್ಯಬೇಕು. ಮುಗಿದ ಮೇಲೆ ಮತ್ತೊಮ್ಮೆ ಪಕ್ಕ ಇಡಬೇಕು, ಹೊಗೆಯಲ್ಲಿ ಸೆನ್ಸರ್ ಕೆಟ್ಟಿರುತ್ತೆ.

ಜಗಳೂರು ಹುಡುಗ
ವಿದೇಶದ ಬಗ್ಗೆ ಯಾರೂ ಹೇಳಲಿಲ್ಲ. ಮತ್ತೆ, ಎಂ.ಎಸ್ಸಿ.ಗೆ ಸೇರಿದರೆ ಜಗಳೂರಿನ ಶಾಲಾ ಮಕ್ಕಳ ಹಲ್ಲಿನ ಫ್ಲೋರೋಸಿಸ್ ಮೇಲೆ ಪ್ರಬಂಧ ಮಾಡೋದು ಹೇಗೆ?

ಧೂಳುಮಾಪಕ
ಅಮೆರಿಕದಲ್ಲಿ ಎಂಪಿಎಚ್‌ಗೆ ಸಾಮಾನ್ಯವಾಗಿ ಕೈಯಿಂದಲೇ ದುಡ್ಡು. ಪಿಎಚ್‌ಡಿಗಾದರೆ ಅವರೇ ಕೊಡ್ತಾರೆ. ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವ 12 ತಿಂಗಳಿನ ಮೇಲೆ ಇನ್ನೂ 24 ತಿಂಗಳು ಬೇಕಾದರೆ ಕೋರ್ಸಿನ ಸಿಐಪಿ ಸಂಕೇತ (ಅಲ್ಲಿ ಪ್ರತಿ ಕೋರ್ಸಿಗೂ ಇರುವ ಸಂಖ್ಯೆ) ಸ್ಟೆಮ್, ಅಂದರೆ ವಿಜ್ಞಾನ–ತಂತ್ರಜ್ಞಾನ–ಎಂಜಿನಿಯರಿಂಗ್–ಗಣಿತದ ಪಟ್ಟಿಯಲ್ಲಿರಬೇಕು. ಎಪಿಡೆಮಿಯಾಲಜಿ, ಬಯೋಸ್ಟಾಟಿಸ್ಟಿಕ್ಸ್ ಇವೆ. ಸಾಲ ಮಾಡೋಕೆ ಮೊದಲು ಆ ಸಂಕೇತವನ್ನು ವಿಶ್ವವಿದ್ಯಾಲಯದಿಂದ ಬರಹದಲ್ಲಿ ಕೇಳಿ.

ಸುಧಾ ಎಂಪಿಎಚ್
ಪ್ರಬಂಧಕ್ಕೆ ಒಳ್ಳೆಯ ವಿಷಯ, ಆದರೆ ಒಂದು ಗುಂಡಿ ಇದೆ. ಬಾಯ್ತುಂಬ ಕಾಣುವ ಶಾಶ್ವತ ಹಲ್ಲುಗಳ ಎನಾಮಲ್ ಎಂಟು ವರ್ಷದೊಳಗೆ ರೂಪುಗೊಂಡಿರುತ್ತೆ. 12 ವರ್ಷದ ಮಗುವಿನ ಹಲ್ಲು ಹೇಳೋದು ಅದು ಎಂಟರೊಳಗೆ ಕುಡಿದ ನೀರಿನ ಕಥೆ. ಇವತ್ತು ಮನೆಗೆ ಆರ್‌ಒ ಕ್ಯಾನ್ ಬರುತ್ತೆ. ಇವತ್ತಿನ ಮಾದರಿ ತೆಗೆದು ಹಲ್ಲಿಗೆ ಹೋಲಿಸಿದರೆ ಸಂಬಂಧವೇ ಇಲ್ಲ ಅಂತ ಬರುತ್ತೆ, ಪರೀಕ್ಷಕರು ಅಲ್ಲೇ ಹಿಡೀತಾರೆ. ಆದ್ದರಿಂದ ಹುಟ್ಟಿದಾಗಿನಿಂದ ಅದೇ ಊರಲ್ಲಿರುವ 12ರಿಂದ 15ರ ಮಕ್ಕಳನ್ನು ಮಾತ್ರ ತಗೊಳ್ಳಿ. ಆಗ ಯಾವ ಬೋರ್‌ವೆಲ್ ಇತ್ತು, ಯಾವಾಗ ಬದಲಾಯಿತು, ಆರ್‌ಒ ಯಾವ ವರ್ಷ ಬಂತು ಅಂತ ತಾಯಂದಿರಿಂದಲೂ ಪಂಚಾಯಿತಿಯ ನೀರುಗಂಟಿಯಿಂದಲೂ ಪ್ರತ್ಯೇಕವಾಗಿ ಕೇಳಿ. ಹಳೇ ನೀರಿನ ವರದಿ ಇದ್ದರೆ ಹುಡುಕಿ ತೆಗೀರಿ.

ಮಾದರಿ ಗಾತ್ರ: 4 × ಪ × (1 − ಪ) ÷ ದ². ಹರಡುವಿಕೆ (ಪ) ಶೇ 50, ತಪ್ಪಿಗೆ ಬಿಟ್ಟ ಜಾಗ (ದ) ಶೇ 10 ಅಂದರೆ 100 ಮಕ್ಕಳು. ಊರೂರಿಗೆ ಗುಂಪಾಗಿ ಆರಿಸೋದರಿಂದ ಎರಡರಿಂದ ಗುಣಿಸಿ, 200. ಹಲ್ಲು ನೋಡೋದು ಫ್ಲೋರೋಸಿಸ್‌ನ ತೀವ್ರತೆ ಗುರುತಿಸುವ ಡೀನ್ ಸೂಚ್ಯಂಕದಲ್ಲಿ, ನೀವಲ್ಲ, ದಂತವೈದ್ಯರು. ದಾವಣಗೆರೆಯ ದಂತವೈದ್ಯಕೀಯ ಕಾಲೇಜುಗಳಲ್ಲಿ ಸಾರ್ವಜನಿಕ ದಂತ ಆರೋಗ್ಯ ವಿಭಾಗಗಳಿವೆ, ಸಹ ಮಾರ್ಗದರ್ಶಕರನ್ನು ಅಲ್ಲಿಂದ ಕೇಳಿಕೊಳ್ಳಿ. ಇಬ್ಬರು ನೋಡಿ ಹೊಂದಾಣಿಕೆಯ ಕಪ್ಪಾ ಲೆಕ್ಕ ಹಾಕಬೇಕು, ನೋಡುವವರಿಗೆ ಆ ಊರಿನ ನೀರಿನ ಅಂಕಿ ತಿಳಿದಿರಬಾರದು.

ಜಗಳೂರು ಹುಡುಗ
ಅನುಮತಿ ಯಾರಿಂದ ಮೇಡಂ? ಶಾಲೆಯ ಹೆಡ್‌ಮಾಸ್ಟರ್ ಒಪ್ಪಿದರೆ ಸಾಲದಾ?

ಸುಧಾ ಎಂಪಿಎಚ್
ಸಾಲದು. ಮೊದಲು ಸಾಂಸ್ಥಿಕ ನೈತಿಕ ಸಮಿತಿ, ಆಮೇಲೆ ಬಿಇಒ ಪತ್ರ, ಆಮೇಲೆ ಹೆಡ್‌ಮಾಸ್ಟರ್. ತಂದೆ ಅಥವಾ ತಾಯಿಯ ಲಿಖಿತ ಒಪ್ಪಿಗೆ ಬೇಕು, ಮಗುವಿನದ್ದೂ ಬೇಕು: ಐಸಿಎಂಆರ್ ಮಾರ್ಗಸೂಚಿಯಂತೆ 7ರಿಂದ 12ರವರೆಗೆ ಬಾಯಿಮಾತಿನ ಸಮ್ಮತಿ, 12ರಿಂದ 18ಕ್ಕೆ ಬರಹದ್ದು. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಅದೂ ಸರ್ಕಾರಿ ಸುತ್ತೋಲೆಯ ಕನ್ನಡದಲ್ಲಲ್ಲ. ಸಮಿತಿ ಒಂದು ಸಲವಾದರೂ ತಿದ್ದುಪಡಿ ಕೇಳಿ ವಾಪಸ್ ಕಳಿಸುತ್ತೆ ಅಂತಲೇ ಲೆಕ್ಕ ಇಟ್ಟುಕೊಳ್ಳಿ. ಏಪ್ರಿಲ್, ಮೇನಲ್ಲಿ ಶಾಲೆ ಇರೋಲ್ಲ, ಮಾರ್ಚ್ ಪರೀಕ್ಷೆಗೆ ಹೋಗುತ್ತೆ. ಅಂದರೆ ಜುಲೈನಲ್ಲಿ ಅರ್ಜಿ ಕೊಟ್ಟರೆ ನವೆಂಬರ್‌ನಿಂದ ಫೆಬ್ರವರಿ ಒಳಗೆ ಹಲ್ಲು, ನೀರು ಎರಡೂ ಮುಗಿಸಬಹುದು.